ನಾಯಿ, ಬೆಕ್ಕುಗಳಿಗೆ ಗಿಡಮೂಲಿಕೆ ಸಪ್ಲಿಮೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಗಿಡಮೂಲಿಕೆ ಅಂದಮೇಲೆ ಅಡ್ಡಪರಿಣಾಮ ಇರುವುದಿಲ್ಲ ಅಲ್ಲವೇ?

ಇರುತ್ತದೆ. ದೇಹದ ಮೇಲೆ ಒಳ್ಳೆಯ ಪರಿಣಾಮ ಬೀರುವಷ್ಟು ಶಕ್ತಿ ಒಂದು ಬೇರಿಗೋ ಎಲೆಗೋ ಇದ್ದರೆ, ಅಳತೆ ತಪ್ಪಿದಾಗ ಕೆಡುಕು ಮಾಡುವ ಶಕ್ತಿಯೂ ಅದಕ್ಕೆ ಇದ್ದೇ ಇರುತ್ತದೆ. ಪೆನ್ನಿರಾಯಲ್ ಎಂಬ ಪುದೀನ ಜಾತಿಯ ಗಿಡದ ಎಣ್ಣೆಯನ್ನು ಚಿಗಟ ಓಡಿಸಲು ಮೈಗೆ ಹಚ್ಚಿದ್ದರಿಂದಲೇ ನಾಯಿ ಸತ್ತ ದಾಖಲೆ ಪಶುವೈದ್ಯಕೀಯದಲ್ಲಿದೆ. ಅದರಲ್ಲಿರುವ ಪುಲೆಗೋನ್ ಎಂಬ ಅಂಶ ಯಕೃತ್ತನ್ನು ಕೊಲ್ಲುತ್ತದೆ. ಆದ್ದರಿಂದ ಮೂಲಿಕೆಯನ್ನೂ ಔಷಧಿ ಎಂದೇ ತಿಳಿದು ತೂಕ, ಅಳತೆ, ಅವಧಿ, ಜೊತೆಗೆ ನಡೆಯುತ್ತಿರುವ ಬೇರೆ ಔಷಧಿ ಎಲ್ಲವನ್ನೂ ನೋಡಿಯೇ ಕೊಡಬೇಕು. ಇನ್ನೊಂದು ಮಾತು: ಕಾಯಿಲೆ ಏನೆಂದು ಗೊತ್ತಾಗುವ ಮೊದಲೇ ಸಪ್ಲಿಮೆಂಟ್ ಶುರು ಮಾಡಬೇಡಿ. ಕುಂಟುವ ನಾಯಿಗೆ ಕೀಲುವಾತವೇ ಇರಬೇಕೆಂದಿಲ್ಲ. ಲಿಗಮೆಂಟ್ ಹರಿದಿರಬಹುದು, ಮೂಳೆಯಲ್ಲಿ ಗಡ್ಡೆಯೂ ಇರಬಹುದು.

ನಾಯಿಗೆ ಕೊಡುವುದನ್ನೇ ಅಳತೆ ಕಡಿಮೆ ಮಾಡಿ ಬೆಕ್ಕಿಗೆ ಕೊಡಬಹುದೇ?

ಬೇಡ. ಅತಿ ಹೆಚ್ಚು ಅನಾಹುತ ಆಗುವುದು ಈ ಲೆಕ್ಕಾಚಾರದಿಂದಲೇ. ಅನೇಕ ಸಸ್ಯಜನ್ಯ ರಾಸಾಯನಿಕಗಳನ್ನು, ಅದರಲ್ಲೂ ಫೀನಾಲ್ ಗುಂಪಿನವನ್ನು, ನಾಯಿ ಮತ್ತು ಮನುಷ್ಯರ ಯಕೃತ್ತು ಗ್ಲುಕುರೋನಿಕ್ ಆಮ್ಲದ ಜೊತೆ ಜೋಡಿಸಿ ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕುತ್ತದೆ. ಈ ಕೆಲಸ ಮಾಡುವ ಕಿಣ್ವಗಳಲ್ಲಿ ಮುಖ್ಯವಾದ ಒಂದರ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ. ಮಾಂಸವನ್ನೇ ತಿಂದು ಬದುಕಿದ ಪ್ರಾಣಿಗೆ ಗಿಡದ ವಿಷಗಳನ್ನು ಬಿಡಿಸುವ ಅಗತ್ಯ ಹೆಚ್ಚು ಬರಲಿಲ್ಲ. ಪರಿಣಾಮ ಏನೆಂದರೆ, ಒಳಗೆ ಹೋದದ್ದು ಬೇಗ ಹೊರಬರುವುದಿಲ್ಲ, ಮುಂದಿನ ಡೋಸ್ ಬೀಳುವಾಗ ಹಿಂದಿನದು ಇನ್ನೂ ರಕ್ತದಲ್ಲೇ ಇರುತ್ತದೆ.

ವಿಲೋ ತೊಗಟೆಯನ್ನೇ ನೋಡಿ. ನೋವಿನ ಮೂಲಿಕೆಯೆಂದು ಮಾರುವ ಇದರಲ್ಲಿರುವ ಸ್ಯಾಲಿಸಿನ್, ದೇಹದೊಳಗೆ ಆಸ್ಪಿರಿನ್ ಕುಲದ ಸ್ಯಾಲಿಸಿಲೇಟ್ ಆಗುತ್ತದೆ. ಆಸ್ಪಿರಿನ್ನಿನ ಅರ್ಧ ಭಾಗ ಹೊರಹೋಗಲು ನಾಯಿಗೆ ಸುಮಾರು 8 ಗಂಟೆ ಸಾಕು, ಬೆಕ್ಕಿಗೆ ಒಂದೂವರೆ ದಿನ ಬೇಕು. ನಾಯಿಯ ಕೀಲುನೋವಿನ ಮಿಶ್ರಣದಲ್ಲಿ ವಿಲೋ ಇದ್ದು, ಅದನ್ನು ದಿನಕ್ಕೆರಡು ಸಲ ಬೆಕ್ಕಿಗೆ ಕೊಟ್ಟರೆ ಮೂರ್ನಾಲ್ಕು ದಿನದಲ್ಲಿ ಹೊಟ್ಟೆಯಲ್ಲಿ ಹುಣ್ಣು, ವಾಂತಿ ಶುರುವಾಗಬಹುದು. ಡಬ್ಬಿಯ ಮೇಲೆ ‘ಬೆಕ್ಕುಗಳಿಗೂ’ ಎಂದು ಸ್ಪಷ್ಟವಾಗಿ ಇಲ್ಲದಿದ್ದರೆ ಬೆಕ್ಕಿನ ಬಾಯಿಗೆ ಹಾಕಬೇಡಿ. ಇದ್ದರೂ ಅದರಲ್ಲಿರುವ ಪದಾರ್ಥಗಳ ಪಟ್ಟಿಯನ್ನು ಪಶುವೈದ್ಯರಿಗೆ ತೋರಿಸಿ.

ಮನೆಯವರು ನುಂಗುವ ಕ್ಯಾಪ್ಸೂಲ್, ಸಿರಪ್ ಕೊಡಬಹುದೇ?

ಮೂಲಿಕೆಗಿಂತ ಅದರ ಜೊತೆಗೆ ಸೇರಿಸಿದ ಪದಾರ್ಥಗಳ ಭಯ ಇಲ್ಲಿ ಹೆಚ್ಚು. ಸಕ್ಕರೆರಹಿತ ಸಿರಪ್, ಗಮ್ಮಿ, ಚೀಪುವ ಮಾತ್ರೆಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರಬಹುದು. ನಾಯಿಯ ದೇಹ ಅದನ್ನು ಸಕ್ಕರೆ ಎಂದೇ ತಿಳಿದು ಇನ್ಸುಲಿನ್ ಸುರಿಸುತ್ತದೆ. ಒಂದು ಕೆ.ಜಿ. ತೂಕಕ್ಕೆ 0.1 ಗ್ರಾಂ ದಾಟಿದರೆ ಸಾಕು, ರಕ್ತದ ಸಕ್ಕರೆ ಕುಸಿದು ನಾಯಿ ತತ್ತರಿಸುತ್ತದೆ. 0.5 ಗ್ರಾಂ ದಾಟಿದರೆ ಯಕೃತ್ತಿಗೇ ಪೆಟ್ಟು. ಲೇಬಲ್ಲಿನಲ್ಲಿ ಇದನ್ನು ‘ಬರ್ಚ್ ಶುಗರ್’ ಎಂದೂ ಬರೆದಿರುತ್ತಾರೆ. ಟಿಂಕ್ಚರುಗಳಲ್ಲಿ, ಅಂದರೆ ಹನಿಯಾಗಿ ಕೊಡುವ ಮೂಲಿಕೆಯ ದ್ರವಸಾರಗಳಲ್ಲಿ, ಆಲ್ಕೋಹಾಲ್ ಇರುತ್ತದೆ. ಹನಿಗಳನ್ನು ಬಿಸಿನೀರಿಗೆ ಹಾಕಿದರೆ ಅದು ಪೂರ್ತಿ ಆವಿಯಾಗಿ ಹೋಗುವುದಿಲ್ಲ. ದ್ರವರೂಪದ್ದೇ ಬೇಕಿದ್ದರೆ ಗ್ಲಿಸರಿನ್‌ನಲ್ಲಿ ತಯಾರಿಸಿದ್ದನ್ನು ಕೇಳಿ.

ತೂಕ ಇಳಿಸುವ, ‘ಎನರ್ಜಿ’ ಕೊಡುವ ಮೂಲಿಕೆ ಮಾತ್ರೆಗಳನ್ನು ನಾಯಿಗೆ ಎಟುಕದ ಕಡೆ ಇಡಿ. ಗೌರಾನದಲ್ಲಿ ಕೆಫೀನ್, ಎಫಿಡ್ರಾದಲ್ಲಿ ಎಫಿಡ್ರಿನ್ ಇದ್ದು, ಎರಡೂ ಸೇರಿದರೆ ಹೃದಯ ಬಡಿತ ಹುಚ್ಚೆದ್ದು ಫಿಟ್ಸ್ ಬರುತ್ತದೆ. ನಿದ್ರೆಗೆಂದು ಮಾರುವ 5-ಎಚ್‌ಟಿಪಿ ಮಾತ್ರೆಯೂ ಹಾಗೆಯೇ. ಆಫ್ರಿಕಾದ ಗ್ರಿಫೋನಿಯಾ ಬೀಜದಿಂದ ತೆಗೆಯುವ ಇದು ನಾಯಿಯಲ್ಲಿ ಕೆ.ಜಿ.ಗೆ ಸುಮಾರು 24 ಮಿ.ಗ್ರಾಂ. ಮಟ್ಟದಲ್ಲೇ ವಿಷದ ಲಕ್ಷಣ ತೋರಿಸಿದೆ. 8 ಕೆ.ಜಿ.ಯ ನಾಯಿಗೆ 200 ಮಿ.ಗ್ರಾಂ.ನ ಒಂದೇ ಕ್ಯಾಪ್ಸೂಲ್ ಆ ಮಟ್ಟ ಮುಟ್ಟಿಸುತ್ತದೆ.

ಪ್ರಮಾಣವನ್ನು ಲೆಕ್ಕ ಹಾಕುವುದು ಹೇಗೆ?

ಮೊದಲು ಸರಿಯಾದ ತೂಕ. ಪ್ರಾಣಿಯನ್ನು ಎತ್ತಿಕೊಂಡು ತಕ್ಕಡಿಯ ಮೇಲೆ ನಿಂತು, ಆಮೇಲೆ ನಿಮ್ಮೊಬ್ಬರ ತೂಕ ಕಳೆಯಿರಿ. 3 ಕೆ.ಜಿ.ಯ ಬೆಕ್ಕಿನಲ್ಲಿ ಅರ್ಧ ಕೆ.ಜಿ. ವ್ಯತ್ಯಾಸವೂ ದೊಡ್ಡದು, ಆದ್ದರಿಂದ ಪುಟ್ಟ ಪ್ರಾಣಿಗಳನ್ನು ಕ್ಲಿನಿಕ್ಕಿನ ತಕ್ಕಡಿಯಲ್ಲೇ ತೂಗಿಸುವುದು ಮೇಲು.

ಎರಡನೆಯದು, ಕ್ಯಾಪ್ಸೂಲಿನ ಮೇಲೆ ಬರೆದ ಮಿ.ಗ್ರಾಂ. ಯಾವುದರದ್ದು ಎಂದು ನೋಡಿ. ಒಣಗಿಸಿದ ಬೇರಿನ ಪುಡಿಯದ್ದೋ, ಸಾರದ್ದೋ, ಸಾರದೊಳಗಿನ ಸಕ್ರಿಯ ಅಂಶದ್ದೋ? 10:1 ಸಾರ ಎಂದಿದ್ದರೆ ಹತ್ತು ಭಾಗ ಮೂಲಿಕೆಯನ್ನು ಒಂದು ಭಾಗಕ್ಕೆ ಇಳಿಸಿದ್ದಾರೆ ಎಂದರ್ಥ. ಪುಡಿಗೆ ಹೇಳಿದ ಅಳತೆಯಲ್ಲಿ ಈ ಸಾರವನ್ನು ಕೊಟ್ಟರೆ ಹತ್ತು ಪಟ್ಟು ಒಳಗೆ ಹೋಯಿತು.

ಮಿಲ್ಕ್ ಥಿಸಲ್ ಎಂಬ ಗಿಡದ ಉದಾಹರಣೆ ತೆಗೆದುಕೊಳ್ಳಿ. ಯಕೃತ್ತಿನ ತೊಂದರೆಯಲ್ಲಿ ಪಶುವೈದ್ಯರು ಸಾಮಾನ್ಯವಾಗಿ ಬಳಸುವ ಪ್ರಮಾಣ ದಿನಕ್ಕೆ ಕೆ.ಜಿ.ಗೆ 20ರಿಂದ 50 ಮಿ.ಗ್ರಾಂ. ಇದು ಸಿಲಿಮರಿನ್ ಎಂಬ ಅದರ ಸಕ್ರಿಯ ಅಂಶದ ಲೆಕ್ಕ, ಗಿಡದ ಪುಡಿಯ ಲೆಕ್ಕ ಅಲ್ಲ. ಕ್ಯಾಪ್ಸೂಲಿನ ಮೇಲೆ ‘ಸಾರ 250 ಮಿ.ಗ್ರಾಂ., 80% ಸಿಲಿಮರಿನ್’ ಎಂದಿದ್ದರೆ ಅದರಲ್ಲಿರುವ ಸಿಲಿಮರಿನ್ 200 ಮಿ.ಗ್ರಾಂ. 10 ಕೆ.ಜಿ.ಯ ನಾಯಿಗೆ ಕೆಳಗಿನ ಮಿತಿಯಲ್ಲಿ ದಿನಕ್ಕೆ ಒಂದು ಕ್ಯಾಪ್ಸೂಲ್. ಅದೇ ಡಬ್ಬಿಯಲ್ಲಿ ಶೇಕಡಾವಾರು ಬರೆದೇ ಇಲ್ಲವೆಂದರೆ ಲೆಕ್ಕ ಹಾಕುವ ದಾರಿಯೇ ಇಲ್ಲ, ಅಂಥದ್ದನ್ನು ಕೊಳ್ಳಬೇಡಿ.

ಶುರುವಿನಲ್ಲಿ ಗುರಿಯ ಕಾಲುಭಾಗವನ್ನಷ್ಟೇ ಮೂರು ದಿನ ಕೊಡಿ. ವಾಂತಿ, ಭೇದಿ, ತುರಿಕೆ ಇಲ್ಲದಿದ್ದರೆ ಅರ್ಧಕ್ಕೆ ಏರಿಸಿ, ಇನ್ನೂ ಮೂರ್ನಾಲ್ಕು ದಿನ ಬಿಟ್ಟು ಪೂರ್ತಿಗೆ ಹೋಗಿ. ಒಂದು ಸಲಕ್ಕೆ ಒಂದೇ ಮೂಲಿಕೆ. ಏಳೆಂಟು ಮೂಲಿಕೆ ಬೆರೆಸಿದ ಪುಡಿ ಕೊಟ್ಟು ಹೊಟ್ಟೆ ಕೆಟ್ಟರೆ ಯಾವುದರಿಂದ ಎಂದು ಯಾರೂ ಹೇಳಲಾರರು.

ಕೀಲುನೋವಿನ ವಯಸ್ಸಾದ ನಾಯಿಗೆ ಯಾವುದು ಪ್ರಯೋಜನ?

ಮೂಲಿಕೆಗಳ ಪೈಕಿ ಬಾಸ್ವೆಲಿಯಾ, ಅಂದರೆ ಶಲ್ಲಕಿ ಗೋಂದಿನ ಸಾರಕ್ಕೆ ಒಂದಿಷ್ಟು ಆಧಾರ ಇದೆ. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 10 ಕೆ.ಜಿ. ತೂಕಕ್ಕೆ 400 ಮಿ.ಗ್ರಾಂ.ನಂತೆ ದಿನಕ್ಕೊಮ್ಮೆ ಆರು ವಾರ ಕೊಟ್ಟಾಗ ಹೆಚ್ಚಿನ ನಾಯಿಗಳ ಕುಂಟುವಿಕೆ, ಬಿಗಿತ ಎರಡೇ ವಾರದಲ್ಲಿ ಕಡಿಮೆಯಾಗಿತ್ತು. ಕೆಲವಕ್ಕೆ ಭೇದಿ, ಹೊಟ್ಟೆಯುಬ್ಬರ ಆಗಿತ್ತು. ಆದರೆ ಅದರಲ್ಲಿ ಹೋಲಿಸಿ ನೋಡಲು ಔಷಧಿ ಕೊಡದ ಗುಂಪು ಇರಲಿಲ್ಲ, ಆದ್ದರಿಂದ ಭರವಸೆಯನ್ನು ಅಷ್ಟಕ್ಕೇ ಇಟ್ಟುಕೊಳ್ಳಿ. ಆ ಅಳತೆ ನಾಯಿಗೆ ಮಾತ್ರ.

ಅರಿಶಿನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದರ ಕರ್ಕ್ಯುಮಿನ್ ಕರುಳಿನಿಂದ ರಕ್ತಕ್ಕೆ ಬಹಳ ಕಡಿಮೆ ಸೇರುತ್ತದೆ. ಅದಕ್ಕೇ ಕರಿಮೆಣಸಿನ ಪೈಪರೀನ್ ಸೇರಿಸುತ್ತಾರೆ. ಆದರೆ ಪೈಪರೀನ್ ಕರ್ಕ್ಯುಮಿನ್ ಒಂದನ್ನೇ ಅಲ್ಲ, ಬೇರೆ ಔಷಧಿಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು. ಫಿಟ್ಸ್‌ಗೆ, ಹೃದಯಕ್ಕೆ ದಿನವೂ ಮಾತ್ರೆ ನುಂಗುವ ನಾಯಿಗೆ ಅದು ಬೇಡ. ಅರಿಶಿನದ ಪುಡಿಯಲ್ಲಿ ಆಕ್ಸಲೇಟ್ ಹೆಚ್ಚು, ಆದ್ದರಿಂದ ಆಕ್ಸಲೇಟ್ ಕಲ್ಲು ಬಂದು ಹೋದ ಪ್ರಾಣಿಗೆ ಕೂಡದು. ಪಿತ್ತನಾಳ ಕಟ್ಟಿಕೊಂಡಿದ್ದರಂತೂ ಮುಟ್ಟಲೇಬೇಡಿ.

ನಿಜ ಹೇಳಬೇಕೆಂದರೆ, ದಪ್ಪಗಿರುವ ನಾಯಿಯ ತೂಕ ಇಳಿಸುವುದು ಈ ಎರಡಕ್ಕಿಂತ ಹೆಚ್ಚು ನೋವು ತಗ್ಗಿಸುತ್ತದೆ. ಜಾರುವ ನೆಲದ ಮೇಲೆ ಚಾಪೆ ಹಾಸುವುದೂ ಚಿಕಿತ್ಸೆಯ ಭಾಗವೇ.

ಮಲಬದ್ಧತೆಗೆ ಇಸಬಗೋಲು ಕೊಡಬಹುದೇ?

ಕೊಡಬಹುದು, ಅದು ನೀರಿನ ಜೊತೆ ಹೋದರೆ ಮಾತ್ರ. ಇಸಬಗೋಲಿನ ಹೊಟ್ಟು ನೀರು ಹೀರಿ ಲೋಳೆಯಾಗಿ ಮಲವನ್ನು ಮೆತ್ತಗೆ ಮಾಡುತ್ತದೆ. ಒಣದಾಗಿ ಹೋದರೆ ಒಳಗಿನ ನೀರನ್ನೇ ಹೀರಿ ಗಟ್ಟಿಯಾಗಿ ಕೂರುತ್ತದೆ, ಗಂಟಲಲ್ಲೂ ಸಿಕ್ಕಿಕೊಳ್ಳಬಹುದು. ಬೆಕ್ಕಿಗೆ ಕಾಲು ಟೀ ಚಮಚದಿಂದ ಶುರು ಮಾಡಿ. ಎರಡು ಮೂರು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಲೋಳೆಯಾದ ಮೇಲೆ ಒದ್ದೆ ಆಹಾರಕ್ಕೆ ಕಲಸಿ. ಪುಟ್ಟ ನಾಯಿಗೆ ಅರ್ಧ ಟೀ ಚಮಚ, ಮಧ್ಯಮ ಗಾತ್ರದ್ದಕ್ಕೆ ಒಂದು, ದೊಡ್ಡದಕ್ಕೆ ಎರಡು. ಸುವಾಸನೆ, ಸಿಹಿ ಸೇರಿಸದ ಬರೀ ಹೊಟ್ಟನ್ನೇ ಬಳಸಿ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ, ಲೋಳೆ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇದರಂತೆಯೇ ಲೋಳೆಯಾಗುವ ಸ್ಲಿಪರಿ ಎಲ್ಮ್ ಮರದ ತೊಗಟೆಗೂ ಇದೇ ನಿಯಮ.

ಎರಡು ದಿನದಿಂದ ಮಲವೇ ಆಗದೆ ವಾಂತಿ ಮಾಡುತ್ತಿರುವ, ನೀರಿನಂಶ ಕಳೆದುಕೊಂಡ, ಅಥವಾ ದೊಡ್ಡ ಕರುಳು ಹಿಗ್ಗಿ ಹೋಗಿರುವ ಬೆಕ್ಕಿಗೆ ಇದನ್ನು ಕೊಡಬೇಡಿ, ತಡೆ ಇನ್ನೂ ಬಿಗಿಯಾಗುತ್ತದೆ.

ಗಂಡು ಬೆಕ್ಕು ಪದೇ ಪದೇ ಮೂತ್ರಕ್ಕೆ ಕೂರುತ್ತಿದೆ, ಹನಿಯೂ ಬರುತ್ತಿಲ್ಲ. ಕ್ರ್ಯಾನ್‌ಬೆರಿ ಕೊಡಲೇ?

ಬೇಡ. ಈಗಲೇ ಆಸ್ಪತ್ರೆಗೆ ಹೊರಡಿ. ಮೂತ್ರನಾಳ ಕಟ್ಟಿಕೊಂಡಿದ್ದರೆ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲಿ ಹೃದಯ ನಿಲ್ಲಬಹುದು.

ಪಟಾಕಿ, ಗುಡುಗಿಗೆ ಹೆದರುವ ನಾಯಿಯನ್ನು ಮೂಲಿಕೆಯಿಂದ ಸಮಾಧಾನ ಮಾಡಬಹುದೇ?

ಸಣ್ಣ ಅಳುಕಿಗೆ ವಲೇರಿಯನ್, ಕ್ಯಾಮೊಮೈಲ್ ಸ್ವಲ್ಪ ಸಹಾಯ ಮಾಡಬಹುದು. ಗೋಡೆ ಕೆರೆಯುವ, ಕಿಟಕಿ ಒಡೆದು ಓಡುವ ಮಟ್ಟದ ಭಯಕ್ಕೆ ಇವು ಏನೇನೂ ಸಾಲದು. ಆ ನಾಯಿ ನಿಜವಾಗಿ ನರಳುತ್ತಿರುತ್ತದೆ. ಅದಕ್ಕೆ ಪಶುವೈದ್ಯರು ಕೊಡುವ ಭಯನಿವಾರಕ ಔಷಧಿ ಬೇಕು, ಕೊಡಲು ಹಿಂಜರಿಯಬೇಡಿ. ಮೂಲಿಕೆಯನ್ನೇ ನೋಡುವುದಾದರೆ ಸದ್ದಿಲ್ಲದ ಒಂದು ದಿನ ಮೊದಲು ಕೊಟ್ಟು ಮಂಪರು ಎಷ್ಟು ಬರುತ್ತದೆ ಎಂದು ಗಮನಿಸಿ.

ಆತಂಕ, ನಡವಳಿಕೆಯ ತೊಂದರೆಗೆ ಕೊಡುವ ಫ್ಲುಯೊಕ್ಸೆಟಿನ್, ಟ್ರಾಜೊಡೋನ್, ಸೆಲೆಜಿಲಿನ್ ಇವುಗಳಲ್ಲಿ ಯಾವುದಾದರೂ ನಡೆಯುತ್ತಿದ್ದರೆ ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಮೂಲಿಕೆ ಮತ್ತು 5-ಎಚ್‌ಟಿಪಿ ಖಂಡಿತ ಕೂಡದು. ಮಿದುಳಿನಲ್ಲಿ ಸಂದೇಶ ಸಾಗಿಸುವ ಸೆರೊಟೋನಿನ್ ಅತಿಯಾಗಿ ನಡುಕ, ಜ್ವರ, ಫಿಟ್ಸ್ ಬರುತ್ತದೆ.

ಕ್ಯಾಟ್‌ನಿಪ್ ಚಟವಾಗುತ್ತದೆಯೇ?

ಇಲ್ಲ. ಇದು ಬೆಕ್ಕುಗಳನ್ನು ಸೆಳೆಯುವ, ಪುದೀನ ಜಾತಿಯ ಗಿಡ. ಅದರಲ್ಲಿರುವ ನೆಪೆಟಲ್ಯಾಕ್ಟೋನ್ ಎಂಬ ಅಂಶ ಮೂಗಿನ ಮೂಲಕ ಕೆಲಸ ಮಾಡುತ್ತದೆ. ಹತ್ತು ಹದಿನೈದು ನಿಮಿಷ ಉರುಳಾಡಿ ಬೆಕ್ಕು ತಾನಾಗಿ ಸುಮ್ಮನಾಗುತ್ತದೆ, ಮತ್ತೆ ಸ್ವಲ್ಪ ಹೊತ್ತು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಸುಮಾರು ಮೂರರಲ್ಲಿ ಎರಡು ಬೆಕ್ಕುಗಳಿಗೆ ಮಾತ್ರ ಈ ಸ್ಪಂದನೆ ಇದೆ, ಅದು ವಂಶದಿಂದ ಬರುವುದು. ಸ್ಪಂದಿಸದ ಬೆಕ್ಕಿಗೆ ಸಿಲ್ವರ್ ವೈನ್ ಎಂಬ ಬಳ್ಳಿಯ ಪುಡಿಯನ್ನು ಒಂದು ಚಿಟಿಕೆ ಉದುರಿಸಿ ನೋಡಿ, ಬಹಳಷ್ಟು ಬೆಕ್ಕುಗಳು ಅದಕ್ಕೆ ಮನಸೋಲುತ್ತವೆ.

ಚಿಗಟ, ಉಣ್ಣೆ, ಜಂತುಹುಳುವಿಗೆ ಬೆಳ್ಳುಳ್ಳಿ ಹಾಕಿದರೆ?

ಹುಳು ಹೋಗುವುದಿಲ್ಲ, ರಕ್ತ ಹೋಗುತ್ತದೆ. ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಗಂಧಕದ ಅಂಶಗಳು ಕೆಂಪು ರಕ್ತಕಣದ ಹಿಮೋಗ್ಲೋಬಿನ್ನನ್ನು ಕೆಡಿಸುತ್ತವೆ, ಕಣಗಳು ಒಡೆದು ರಕ್ತಹೀನತೆ ಬರುತ್ತದೆ. ಬೆಕ್ಕಿನ ಹಿಮೋಗ್ಲೋಬಿನ್ ಈ ಏಟಿಗೆ ಇನ್ನೂ ಸೂಕ್ಷ್ಮ. ಕೆ.ಜಿ. ತೂಕಕ್ಕೆ 5 ಗ್ರಾಂ ಈರುಳ್ಳಿ ಸಾಕು, ನಾಯಿಯಲ್ಲಿ 15ರಿಂದ 30 ಗ್ರಾಂ. ಬೆಳ್ಳುಳ್ಳಿ ಈರುಳ್ಳಿಗಿಂತ ತೀಕ್ಷ್ಣ. ಬೇಯಿಸಿದರೂ ಒಣಗಿಸಿದರೂ ವಿಷ ಹೋಗುವುದಿಲ್ಲ. ಲಕ್ಷಣ ಕಾಣುವುದು ಎರಡು ಮೂರು ದಿನ ಕಳೆದ ಮೇಲೆ: ವಸಡು ಬಿಳಿಚುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ನಾಲ್ಕು ಹೆಜ್ಜೆಗೆ ಏದುಸಿರು. ಅಷ್ಟರಲ್ಲಿ ಬೆಳ್ಳುಳ್ಳಿ ಕೊಟ್ಟದ್ದೇ ಮರೆತುಹೋಗಿರುತ್ತದೆ.

ಉಣ್ಣೆಯ ವಿಷಯದಲ್ಲಿ ಮೂಲಿಕೆಯನ್ನು ನೆಚ್ಚಿಕೊಳ್ಳಲೇಬೇಡಿ. ಅರ್ಧಂಬರ್ಧ ಓಡಿಸುವ ಎಣ್ಣೆ ಹಚ್ಚಿಕೊಂಡು ನಾಯಿ ಉಣ್ಣೆ ಜ್ವರಕ್ಕೆ ತುತ್ತಾದರೆ ಉಳಿಸುವುದು ಕಷ್ಟ. ಸೇವಂತಿಗೆ ಜಾತಿಯ ಹೂವಿನ ಪೈರೆಥ್ರಮ್ ಇರುವ ‘ನೈಸರ್ಗಿಕ’ ಪುಡಿಗಳೂ ಬೆಕ್ಕಿಗೆ ಹಿತವಲ್ಲ. ಅದನ್ನೇ ಅನುಕರಿಸಿ ತಯಾರಿಸಿದ ಪರ್ಮೆಥ್ರಿನ್ ನಾಯಿಗೆ ಹಾಕುವ ಹನಿಯಲ್ಲಿದ್ದರೆ, ಆ ನಾಯಿಗೆ ಮೈ ಒರಗಿಸಿ ಮಲಗಿದ ಬೆಕ್ಕಿಗೂ ನಡುಕ, ಫಿಟ್ಸ್ ಬರಬಹುದು.

ಸುಗಂಧ ತೈಲ, ಡಿಫ್ಯೂಸರ್?

ಬೆಕ್ಕಿರುವ ಮನೆಯಲ್ಲಿ ಬೇಡ ಎನ್ನುವುದೇ ನಮ್ಮ ಸಲಹೆ. ಅಲ್ಟ್ರಾಸಾನಿಕ್ ಡಿಫ್ಯೂಸರ್ ಬರೀ ವಾಸನೆ ಬಿಡುವುದಿಲ್ಲ, ಎಣ್ಣೆಯ ಸೂಕ್ಷ್ಮ ಹನಿಗಳನ್ನೇ ಗಾಳಿಗೆ ತೂರುತ್ತದೆ. ಅವು ತುಪ್ಪಳದ ಮೇಲೆ ಕೂರುತ್ತವೆ, ಬೆಕ್ಕು ಮೈ ನೆಕ್ಕಿಕೊಳ್ಳುವಾಗ ಹೊಟ್ಟೆಗೆ ಹೋಗುತ್ತವೆ. ಟೀ ಟ್ರೀ, ಲವಂಗ, ದಾಲ್ಚಿನ್ನಿ, ವಿಂಟರ್‌ಗ್ರೀನ್, ನೀಲಗಿರಿ ಎಣ್ಣೆಗಳು ಹೆಚ್ಚು ಅಪಾಯದವು. ದುರ್ಬಲಗೊಳಿಸದ ಟೀ ಟ್ರೀ ಎಣ್ಣೆಯನ್ನು ಗಾಯದ ಮೇಲೆ ಹಚ್ಚಿದರೆ ಕೆಲವೇ ಗಂಟೆಗಳಲ್ಲಿ ಕಾಲು ಎಳೆಯುವುದು, ಮೈ ತಣ್ಣಗಾಗುವುದು, ನಡುಕ ಶುರುವಾಗುತ್ತದೆ, ನಾಯಿಯಲ್ಲೂ ಆಗುತ್ತದೆ.

ಬೇರೆ ಔಷಧಿ ನಡೆಯುತ್ತಿದೆ. ಯಾವುದು ಯಾವುದರ ಜೊತೆ ಕೂಡದು?

ಇನ್ಸುಲಿನ್ ತೆಗೆದುಕೊಳ್ಳುವ ಪ್ರಾಣಿಗೆ ಮೆಂತ್ಯ, ಹಾಗಲ, ಮಧುನಾಶಿನಿ ಸಾರ ಕೊಟ್ಟರೆ ಸಕ್ಕರೆ ಮಟ್ಟ ಅತಿಯಾಗಿ ಇಳಿಯಬಹುದು. ಅತಿಮಧುರ, ಅಂದರೆ ಜ್ಯೇಷ್ಠಮಧು, ದೇಹದಲ್ಲಿ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಕಳೆಯುತ್ತದೆ. ಹೃದಯದ ಕಾಯಿಲೆಗೆ ಫ್ಯುರೊಸಮೈಡ್ ಎಂಬ ಮೂತ್ರ ಹೆಚ್ಚಿಸುವ ಔಷಧಿ ತೆಗೆದುಕೊಳ್ಳುವ ನಾಯಿಯಲ್ಲಿ ಪೊಟ್ಯಾಸಿಯಂ ಮೊದಲೇ ಕಡಿಮೆ, ಎರಡೂ ಸೇರಿದರೆ ಬಡಿತದ ಲಯ ತಪ್ಪುತ್ತದೆ. ಸೇಂಟ್ ಜಾನ್ಸ್ ವರ್ಟ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ, ಚರ್ಮದ ಅಲರ್ಜಿಗೆ ಕೊಡುವ ಸೈಕ್ಲೋಸ್ಪೊರಿನ್ ಔಷಧಿಯ ಮಟ್ಟವನ್ನು ಇಳಿಸುತ್ತದೆ, ಹತೋಟಿಯಲ್ಲಿದ್ದ ಚರ್ಮದ ಕಾಯಿಲೆ ಮತ್ತೆ ಕೆರಳುತ್ತದೆ. ನೋವುನಿವಾರಕ ಎನ್‌ಎಸ್‌ಎಐಡಿ ಮಾತ್ರೆಯ ಜೊತೆ ವಿಲೋ ತೊಗಟೆ ಕೊಟ್ಟರೆ ಹೊಟ್ಟೆಯ ಹುಣ್ಣು. ಥೈರಾಯ್ಡ್ ಹೆಚ್ಚಿರುವ ಬೆಕ್ಕಿಗೆ ಅಯೋಡಿನ್ ತುಂಬಿದ ಕೆಲ್ಪ್ ಪಾಚಿ ಬೇಡ, ಥೈರಾಯ್ಡ್ ಹಾರ್ಮೋನು ಏರಿಸಬಲ್ಲ ಅಶ್ವಗಂಧವೂ ಬೇಡ. ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ವೈದ್ಯರ ಒಪ್ಪಿಗೆ ಇಲ್ಲದೆ ಏನನ್ನೂ ಸೇರಿಸಬೇಡಿ.

ಶಸ್ತ್ರಚಿಕಿತ್ಸೆಗೆ ಮೊದಲು ನಿಲ್ಲಿಸಬೇಕೇ?

ಎರಡು ವಾರ ಮೊದಲೇ. ಗಿಂಕೊ, ಶುಂಠಿ, ಅರಿಶಿನದ ಸಾರ ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡಬಹುದು, ವಲೇರಿಯನ್ ಅರಿವಳಿಕೆಯ ಮಂಪರನ್ನು ಹೆಚ್ಚಿಸಬಹುದು. ಸಂತಾನಹರಣದಂಥ ಸಾಮಾನ್ಯ ಆಪರೇಷನ್ನಿಗೂ ಇದು ಅನ್ವಯ.

ಗಬ್ಬದ, ಹಾಲೂಡುವ ತಾಯಿಗೆ, ಪುಟ್ಟ ಮರಿಗಳಿಗೆ?

ಪಶುವೈದ್ಯರು ತಾವಾಗಿ ಬರೆದುಕೊಟ್ಟರೆ ಹೊರತು ಕೊಡಬೇಡಿ. ಮರಿಯ ಯಕೃತ್ತು ಇನ್ನೂ ಬಲಿತಿರುವುದಿಲ್ಲ.

ಕೊಳ್ಳುವಾಗ ಏನು ನೋಡಬೇಕು?

ಮೂಲಿಕೆಯ ಸಸ್ಯಶಾಸ್ತ್ರೀಯ ಹೆಸರು, ಬಳಸಿದ ಭಾಗ ಬೇರೋ ಎಲೆಯೋ, ಒಂದು ಮಾತ್ರೆಯಲ್ಲಿ ಎಷ್ಟು ಮಿ.ಗ್ರಾಂ., ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು. ‘ವಿಶೇಷ ಮಿಶ್ರಣ’ ಎಂದಷ್ಟೇ ಬರೆದು ಅಳತೆ ಮುಚ್ಚಿಟ್ಟಿದ್ದರೆ ವಾಪಸ್ ಇಡಿ. ತಯಾರಕರಿಗೆ ಬರೆದು ಆ ಬ್ಯಾಚಿನ ಪರೀಕ್ಷಾ ವರದಿ ಕೇಳಿ. ಅದರಲ್ಲಿ ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ಮತ್ತು ಬೂಷ್ಟಿನ ವಿಷದ ಅಂಕಿ ಇರಬೇಕು. ಒಂದೇ ದಿನದಲ್ಲಿ ಪವಾಡದಂತೆ ನೋವು ಮಾಯವಾದರೆ ಖುಷಿಗಿಂತ ಅನುಮಾನ ಮೊದಲು ಬರಲಿ: ಮೂಲಿಕೆ ಉತ್ಪನ್ನಗಳಲ್ಲಿ ಸ್ಟೀರಾಯ್ಡ್, ನೋವುನಿವಾರಕ ಬೆರೆಸಿ ಸಿಕ್ಕಿಬಿದ್ದ ಪ್ರಕರಣಗಳಿವೆ.

ತಿನ್ನಿಸುವುದು ಹೇಗೆ? ವಾಸನೆಗೇ ಓಡಿಹೋಗುತ್ತದೆ.

ಇಡೀ ಬಟ್ಟಲಿಗೆ ಕಲಸಬೇಡಿ. ಒಂದು ಚಮಚ ರುಚಿಯಾದ ಆಹಾರಕ್ಕೆ ಬೆರೆಸಿ ಮೊದಲು ಅದನ್ನು ಕೊಡಿ, ತಿಂದಾದ ಮೇಲೆ ಉಳಿದದ್ದು. ಬೆಕ್ಕಿನ ಮಟ್ಟಿಗೆ ಇದು ಮುಖ್ಯ, ಒಮ್ಮೆ ಕಹಿ ತಗುಲಿದ ಆಹಾರವನ್ನು ಅದು ತಿಂಗಳುಗಟ್ಟಲೆ ಮೂಸುವುದಿಲ್ಲ. ಕ್ಯಾಪ್ಸೂಲ್ ನುಂಗಿಸಿದರೆ ಹಿಂದೆಯೇ ಸಿರಿಂಜಿನಲ್ಲಿ 5 ಮಿ.ಲೀ. ನೀರನ್ನು ಕೆನ್ನೆಯ ಬದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿ, ಇಲ್ಲದಿದ್ದರೆ ಅದು ಅನ್ನನಾಳಕ್ಕೆ ಅಂಟಿ ಹುಣ್ಣು ಮಾಡುತ್ತದೆ. ಎಣ್ಣೆಯನ್ನು ಒತ್ತಾಯದಿಂದ ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ.

ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಶುರು ಮಾಡುವ ಮೊದಲೇ ಅಳೆಯಬಹುದಾದ ಎರಡು ಮೂರು ಸಂಗತಿ ಬರೆದಿಡಿ: ಮೆಟ್ಟಿಲು ಹತ್ತುವಾಗ ಎಷ್ಟು ಸಲ ನಿಲ್ಲುತ್ತದೆ, ಮಲಗಿದಲ್ಲಿಂದ ಏಳಲು ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ ಕೆರೆದುಕೊಳ್ಳುತ್ತದೆ. ಅದೇ ಮೆಟ್ಟಿಲಲ್ಲಿ ವಾರಕ್ಕೊಂದು ವಿಡಿಯೊ ತೆಗೆಯಿರಿ. ಆರು ವಾರದಲ್ಲಿ ಬದಲಾವಣೆ ಇಲ್ಲದಿದ್ದರೆ ನಿಲ್ಲಿಸಿ. ಮುಂದುವರಿಸುವುದಾದರೆ ಆಗ ಒಮ್ಮೆ ಯಕೃತ್ತು, ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿ. ಶುರುವಿಗೆ ಮೊದಲಿನ ವರದಿ ಇದ್ದರೆ ಹೋಲಿಸಬಹುದು.

ಹೆಚ್ಚು ತಿಂದುಬಿಟ್ಟಿದೆ, ಅಥವಾ ಕೊಟ್ಟ ಮೇಲೆ ಏನೋ ಸರಿ ಇಲ್ಲ. ಈಗ?

ಜೊಲ್ಲು ಸುರಿಯುವುದು, ತೂರಾಡುವುದು, ನಡುಕ, ವಸಡು ಬಿಳಿ ಅಥವಾ ಹಳದಿ, ಮೂತ್ರ ಕಡುಬಣ್ಣ, ನಿಲ್ಲದ ವಾಂತಿ: ಯಾವುದು ಕಂಡರೂ ಕಾಯಬೇಡಿ. ಕ್ಸೈಲಿಟಾಲ್ ತಿಂದಿರುವುದು ಗೊತ್ತಿದ್ದರೆ ಲಕ್ಷಣ ಕಾಣುವ ಮೊದಲೇ ಹೊರಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ, ಉಪ್ಪೇ ವಿಷವಾಗುತ್ತದೆ. ಬೆಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿದರೆ ಹೊಟ್ಟೆಯ ಒಳಪದರ ಸುಟ್ಟು ರಕ್ತ ಸುರಿಯುತ್ತದೆ. ಎಣ್ಣೆ ನುಂಗಿದ್ದರೆ ಯಾವ ರೀತಿಯಲ್ಲೂ ವಾಂತಿ ಮಾಡಿಸಕೂಡದು. ಮೈಗೆ ಎಣ್ಣೆ ತಾಗಿದ್ದರೆ ಪಾತ್ರೆ ತೊಳೆಯುವ ಸೌಮ್ಯ ದ್ರಾವಣ ಮತ್ತು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರೆಸಿ, ಬೆಚ್ಚಗೆ ಸುತ್ತಿ, ನೆಕ್ಕಿಕೊಳ್ಳಲು ಬಿಡಬೇಡಿ. ಡಬ್ಬಿಯನ್ನೂ ಉಳಿದ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ. ಎಷ್ಟು, ಯಾವಾಗ, ಬೇರೆ ಯಾವ ಔಷಧಿಯ ಜೊತೆ ಎಂಬುದನ್ನು ಒಂದೂ ಬಿಡದೆ ಹೇಳಿ. ಬೆಳ್ಳುಳ್ಳಿ ಕೊಟ್ಟದ್ದು ಎರಡು ದಿನದ ಹಿಂದೆ ಆಗಿದ್ದರೂ ಹೇಳಿ.